ಅಕೌಂಟ್ಸ್ ನೌಕರ ವಾಟ್ಸಾಪ್‌ನಲ್ಲಿ ಬಾಕಿ ಒಪ್ಪಿಕೊಂಡರೆ ಅದು ಕಂಪನಿಯ ಒಪ್ಪಿಕೆಯೇ?

ಪ್ರಶ್ನೆ (ಬಿಡಿಭಾಗ_ಸಪ್ಲೈ)
6 ಬಿಲ್, ಒಟ್ಟು 4,72,000 ರೂ. ಬಾಕಿ. ಕಂಪನಿಯ ಅಕೌಂಟ್ಸ್‌ನವರ ಮೆಸೇಜ್ ಇದೆ: "ಸರ್, ಆರೂ ಬಿಲ್ ಪೆಂಡಿಂಗ್ ಇದೆ, ಎಂಡಿ ಸೈನ್ ಆದ ತಕ್ಷಣ ಹಾಕ್ತೀವಿ." ನೋಟಿಸ್‌ಗೆ ಬಂದ ಉತ್ತರ: "ಆತ ಬರೀ ನೌಕರ, ನಾವು ಹಾಗೆ ಹೇಳಿಸಿಲ್ಲ, ಈಗ ಕೆಲಸವನ್ನೂ ಬಿಟ್ಟಿದ್ದಾನೆ." ದಾವೆ ಇನ್ನೂ ಹಾಕಿಲ್ಲ. ಅಮೆರಿಕದಲ್ಲಿ ನೌಕರನ ಮಾತು ಮಾಲೀಕನ ಮೇಲೆ ಸಲೀಸಾಗಿ ನಿಲ್ಲುತ್ತದಂತೆ. ನಮ್ಮಲ್ಲಿ?

ಸಿವಿಲ್_ವಕೀಲ
ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮ 801ರಲ್ಲಿ ಎರಡನ್ನು ತೋರಿಸಿದರೆ ಸಾಕು: ಮಾತು ಅವನ ಕೆಲಸದ ವ್ಯಾಪ್ತಿಗೆ ಸೇರಿದ್ದು, ಕೆಲಸದಲ್ಲಿದ್ದಾಗಲೇ ಆಡಿದ್ದು. ನಮ್ಮಲ್ಲಿ ಅಷ್ಟು ಸುಲಭವಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 16ನೇ ಕಲಂ (ಹಳೆಯ ಕಾಯ್ದೆಯ 18) ಕೇಳುವುದು, ಆ ಹೇಳಿಕೆ ಕೊಡಲು ಅವನಿಗೆ ವ್ಯಕ್ತವಾಗಿಯೋ ಸೂಚ್ಯವಾಗಿಯೋ ಅಧಿಕಾರವಿತ್ತೇ ಎಂದು. ಸಂಬಳದ ಚೀಟಿ ತೋರಿಸಿದರೆ ಅಧಿಕಾರ ಸಾಬೀತಾಗುವುದಿಲ್ಲ.

ಅಧಿಕಾರಪತ್ರ ಯಾರೂ ಕೊಟ್ಟಿರುವುದಿಲ್ಲ, ಹಾಗಾಗಿ ನಡವಳಿಕೆಯಿಂದಲೇ ಕಟ್ಟಬೇಕು. ಅದೇ ನಂಬರಿನಿಂದ ಹಿಂದೆ ಆರ್ಡರ್ ಬಂದಿತ್ತೇ? "ನಾಳೆ ಹಾಕ್ತೀವಿ" ಎಂದ ಮೇಲೆ ಕಂಪನಿಯ ಖಾತೆಯಿಂದ ಅಷ್ಟೇ ಮೊತ್ತ ಬಂದಿತ್ತೇ? ಹಾಗೆ ಮೂರ್ನಾಲ್ಕು ಸಲ ನಡೆದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲೇ ಆ ಮೆಸೇಜ್‌ಗಳನ್ನಿಡಿ. ನಿಮ್ಮ ಕೇಸಿನ ಜೀವ ಅಲ್ಲಿದೆ. ಲಾರಿ ಡ್ರೈವರ್ "ಹೌದು, ಇವರಿಗೆ ದುಡ್ಡು ಕೊಡಬೇಕು" ಎಂದರೆ ನಿಲ್ಲುವುದಿಲ್ಲ, ಬಾಕಿಯ ಮಾತಾಡುವುದು ಅವನ ಕೆಲಸವಲ್ಲ.

ಕೆಲಸ ಬಿಟ್ಟದ್ದಕ್ಕೆ ಹೆದರಬೇಡಿ. ಮೆಸೇಜ್ ಕಳಿಸಿದ ದಿನ ಅವನು ಆ ಸ್ಥಾನದಲ್ಲಿದ್ದನೇ ಎಂಬುದಷ್ಟೇ ಮುಖ್ಯ. ಬಿಟ್ಟ ಮೇಲೆ ಬರೆದುಕೊಟ್ಟದ್ದು ಒಪ್ಪಿಕೆಯಲ್ಲ, ಅದು ಬೇಕಿದ್ದರೆ ಅವನನ್ನೇ ಸಮನ್ಸ್ ಮೂಲಕ ಸಾಕ್ಷಿಯಾಗಿ ಕರೆಸಿ. ಪಾಟೀ ಸವಾಲಿನಲ್ಲಿ ಹೇಗೆ ನಿಲ್ಲುತ್ತಾನೋ ನೋಡಿಕೊಂಡು ಮಾಡಿ.

ಡಿಜಿಟಲ್_ಪುರಾವೆ
ಸ್ಕ್ರೀನ್‌ಶಾಟ್ ಮಾತ್ರ ಕೊಟ್ಟು ಕೆಡಿಸಿಕೊಳ್ಳುವವರೇ ಜಾಸ್ತಿ. ಅದರಲ್ಲಿ ಕಾಣುವುದು ನೀವು ಸೇವ್ ಮಾಡಿಕೊಂಡ ಹೆಸರು, ನಂಬರ್ ಅಲ್ಲ. ಕಾಂಟ್ಯಾಕ್ಟ್ ಮಾಹಿತಿಯ ಪುಟವನ್ನೂ ತೆಗೆದಿಡಿ, ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ. ಅದೇ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು: ಭಾಗ ಎ ನೀವು, ಭಾಗ ಬಿ ತಜ್ಞರು ತುಂಬಬೇಕು, ಎರಡರಲ್ಲೂ ಹ್ಯಾಶ್ ಮೌಲ್ಯ (ಕಡತದಿಂದ ಲೆಕ್ಕ ಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಸಂಕೇತ). ಎಕ್ಸ್‌ಪೋರ್ಟ್ ಆದ ಕಡತವನ್ನು ತೆರೆದು ಒಂದು ಅಕ್ಷರ ತಿದ್ದಿ ಸೇವ್ ಮಾಡಿದರೂ ಹ್ಯಾಶ್ ಬದಲಾಗುತ್ತದೆ. ಮೊದಲು ಹ್ಯಾಶ್, ಆಮೇಲೆ ಪ್ರಿಂಟ್.

ಸಿವಿಲ್_ವಕೀಲ
ಅದಕ್ಕೆ ಸೇರಿಸುತ್ತೇನೆ: 3 ಲಕ್ಷ ದಾಟಿದ ವಾಣಿಜ್ಯ ವ್ಯಾಜ್ಯವಾದ್ದರಿಂದ ಇದು ಕಮರ್ಷಿಯಲ್ ಕೋರ್ಟಿಗೆ ಹೋಗುತ್ತದೆ. ತುರ್ತು ಪರಿಹಾರ ಕೇಳದಿದ್ದರೆ ಕಮರ್ಷಿಯಲ್ ಕೋರ್ಟ್ ಕಾಯ್ದೆಯ 12ಎ ಕಲಂ ಹೇಳುವ, ದಾವೆಗೆ ಮೊದಲಿನ ಮಧ್ಯಸ್ಥಿಕೆ ಮುಗಿಸದೆ ವಾದಪತ್ರ ಹಾಕುವಂತಿಲ್ಲ, 2022ರ ಪಾಟೀಲ್ ಆಟೋಮೇಷನ್ ತೀರ್ಪು ನೋಡಿ. ಮಧ್ಯಸ್ಥಿಕೆಯಲ್ಲಿ ಕಂಪನಿಯವರು "ಮೂರು ಲಕ್ಷ ಕೊಡ್ತೀವಿ" ಎಂದರೂ ಅದನ್ನು ಒಪ್ಪಿಕೆ ಎಂದು ಕೋರ್ಟಿಗೆ ಒಯ್ಯಬೇಡಿ, ಆ ಮಾತು ಗೋಪ್ಯ.

ಜಿಎಸ್‌ಟಿ_ಲೆಕ್ಕ
ನೌಕರನ ಮೆಸೇಜಿಗಿಂತ ಗಟ್ಟಿ ಕಂಪನಿಯದೇ ಜಿಎಸ್‌ಟಿ ರಿಟರ್ನ್. ಆದರೆ ಅವರ 2ಬಿಯಲ್ಲಿ (ಪೋರ್ಟಲ್ ತಾನೇ ತಯಾರಿಸುವ ಖರೀದಿ ಬಿಲ್‌ಗಳ ಪಟ್ಟಿ) ನಿಮ್ಮ ಬಿಲ್ ಕಾಣುತ್ತದೆ ಎಂದು ವಾದಿಸಬೇಡಿ. ಅದು ನೀವು ಫೈಲ್ ಮಾಡಿದ್ದರಿಂದ ತಾನಾಗಿ ಬಂದದ್ದು. ಅವರು ತಾವೇ ಸಲ್ಲಿಸುವ 3ಬಿ ರಿಟರ್ನ್‌ನಲ್ಲಿ ನಿಮ್ಮ ಬಿಲ್ಲಿನ ತೆರಿಗೆಗೆ ಕ್ರೆಡಿಟ್ ತೆಗೆದುಕೊಂಡಿದ್ದರೆ ಅದು ಅವರ ಹೇಳಿಕೆ. 3ಬಿಯಲ್ಲಿ ಒಟ್ಟು ಮೊತ್ತವಷ್ಟೇ ಇರುತ್ತದೆ, ಆದ್ದರಿಂದ ಪರ್ಚೇಸ್ ಲೆಡ್ಜರ್ ಹಾಜರುಪಡಿಸಲು ಅರ್ಜಿ ಹಾಕಿ.

ಬಿಡಿಭಾಗ_ಸಪ್ಲೈ
ಮೊದಲ ಡೆಲಿವರಿ 12-3-2022. ಕಾಲಮಿತಿ ಈ ಮೆಸೇಜಿನಿಂದ ಮುಂದಕ್ಕೆ ಹೋಗುತ್ತದೆಯೇ?

ಸಿವಿಲ್_ವಕೀಲ
ಇಲ್ಲಿ ಬೇರೆ ಅಳತೆ. ಸಾಲದ ಅವಧಿ ಗೊತ್ತು ಮಾಡಿರದಿದ್ದರೆ ಡೆಲಿವರಿಯಿಂದ 3 ವರ್ಷ. ಕಾಲಮಿತಿ ಕಾಯ್ದೆಯ 18ನೇ ಕಲಂಗೆ ಲಿಖಿತ ಸ್ವೀಕೃತಿ ಬೇಕು, ಕಂಪನಿಯ ಅಥವಾ ಅಧಿಕಾರ ಪಡೆದ ಏಜೆಂಟನ ಸಹಿ ಬೇಕು, ಅದೂ ಅವಧಿ ಮುಗಿಯುವ ಮೊದಲೇ. ಉದಾಹರಣೆಗೆ 5-2-2024ಕ್ಕೆ ಸಹಿಯಾಗಿದ್ದರೆ ಅಲ್ಲಿಂದ ಹೊಸ 3 ವರ್ಷ. ಮುಗಿದ ಮೇಲಿನ ಸಹಿ ಅವಧಿಯನ್ನು ಬೆಳೆಸುವುದಿಲ್ಲ. ವಾಟ್ಸಾಪ್ ಮೆಸೇಜಿನಲ್ಲಿ ಸಹಿ ಎಲ್ಲಿ ಎಂಬ ತಕರಾರು ಬಂದೇ ಬರುತ್ತದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ. ಪ್ರತಿ ಮಾರ್ಚ್ 31ಕ್ಕೆ ಇಷ್ಟು ಬಾಕಿ ಇದೆ ಎಂದು ಖಚಿತಪಡಿಸುವ ಬ್ಯಾಲೆನ್ಸ್ ಕನ್ಫರ್ಮೇಷನ್‌ಗೆ ಸಹಿ, ಸೀಲು ಹಾಕಿಸಿಕೊಂಡಿದ್ದೀರಾ? ಇದ್ದರೆ ಆ ಕಾಗದಗಳನ್ನು ಮೊದಲು ಹುಡುಕಿ.