ಅಪ್‌ಡೇಟ್: ಎಚ್-4 ಇಎಡಿ ಬಂತು, ಅಡ್ಡಿಯಾಗಿದ್ದು ಕನ್ನಡದ ಮದುವೆ ನೋಂದಣಿ ಪತ್ರ

ಹೆಂಡತಿ ಅಮೆರಿಕದಲ್ಲಿ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ವೀಸಾ) ಮೇಲಿದ್ದಾಳೆ. ಕೆಲಸ ಮಾಡಲು ಬೇಕಾದ ಪರವಾನಗಿ ಕಾರ್ಡ್, ಅಂದರೆ ಇಎಡಿಗಾಗಿ ಹಾಕಿದ ಅವಳ ಐ-765 ಅರ್ಜಿಗೆ (ವರ್ಗ ಸಿ-26) ವಲಸೆ ಇಲಾಖೆಯವರು ಹೆಚ್ಚುವರಿ ದಾಖಲೆ ಕೇಳಿದ್ದಾರೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಅದು ಬಗೆಹರಿಯಿತು. ಬೇಕಾಗಿದ್ದು ಕನ್ನಡದ ಮದುವೆ ಪತ್ರದ ಇಂಗ್ಲಿಷ್ ಅನುವಾದ.

ಅನುವಾದಕ್ಕೆ ನೋಟರಿ ಮುದ್ರೆ ಹಾಕಿಸಿ ಅಂದವರ ಸಲಹೆ ಕೆಲಸಕ್ಕೆ ಬರಲಿಲ್ಲ. ನೋಟರಿ ಬೇಕಾಗಿಯೇ ಇರಲಿಲ್ಲ. ಫಲಿಸಿದ್ದು ಅನುವಾದಕರ ದೃಢೀಕರಣದ ಸಲಹೆ. ಎರಡೂ ಭಾಷೆ ಬಲ್ಲ ಸ್ನೇಹಿತರು ಇಂಗ್ಲಿಷಿಗೆ ಅನುವಾದಿಸಿ, "ಅನುವಾದ ಪೂರ್ಣ, ನಿಖರ, ಅನುವಾದಿಸಲು ನಾನು ಸಮರ್ಥ" ಅಂತ ಬರೆದು ಹೆಸರು, ವಿಳಾಸ, ದಿನಾಂಕ, ಸಹಿ ಹಾಕಿಕೊಟ್ಟರು. ಉಪನೋಂದಣಾಧಿಕಾರಿಗಳ ದುಂಡು ಮೊಹರಿನೊಳಗಿನ ಅಕ್ಷರ, ಹಿಂಬದಿಯ ಷರಾ ಕೂಡ ಅನುವಾದಿಸದೆ ಬಿಡಬೇಡಿ. ಮೂಲದ ಪ್ರತಿಯನ್ನೂ ಜೊತೆಗಿಡಿ.

ಗೊತ್ತಿರದ ಇನ್ನೊಂದು ಸಂಗತಿ: ಇಎಡಿ ಕಾರ್ಡಿನ ಅವಧಿ ಐ-94ರ (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ತಿಳಿಸುವ ಪ್ರವೇಶ ದಾಖಲೆ) ದಿನಾಂಕ ದಾಟುವುದಿಲ್ಲ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ವಿಮಾನ ನಿಲ್ದಾಣದಲ್ಲಿ ಐ-94 ಕೂಡ ಅಷ್ಟಕ್ಕೇ ಸಿಗಬಹುದು. ಹಾಗಾಗಿ ಊರಿಗೆ ಹೋದಾಗ ಮೊದಲು ಪಾಸ್‌ಪೋರ್ಟ್ ನವೀಕರಿಸಿಕೊಳ್ಳಿ.