‘ಸಂತೃಪ್ತ ಕಿಣ್ವ’: ಪ್ರಯೋಗ ಸರಿಯೇ?

ಪ್ರಶ್ನೆ: ಪಿಯುಸಿ ಜೀವಶಾಸ್ತ್ರದ ಅನುವಾದದಲ್ಲಿ ಈ ವಾಕ್ಯವಿದೆ: “ಸಬ್‌ಸ್ಟ್ರೇಟಿನ ಸಾಂದ್ರತೆ ಹೆಚ್ಚಿದಂತೆ ದರ ಏರಿ, ಕಿಣ್ವ ಸಂತೃಪ್ತವಾದಾಗ ನಿಲ್ಲುತ್ತದೆ.” ‘ಸಾಂದ್ರತೆ’, ‘ಸಂತೃಪ್ತ’ ಎರಡೂ ಸರಿಯೇ? ಸಬ್‌ಸ್ಟ್ರೇಟಿಗೆ (ಕಿಣ್ವ ಯಾವುದರ ಮೇಲೆ ಕೆಲಸ ಮಾಡುತ್ತದೋ ಆ ವಸ್ತುವಿಗೆ) ‘ತಲಾಧಾರ’ ಎನ್ನಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಸರ್, ನೀವು ಕೇಳದ ‘ನಿಲ್ಲುತ್ತದೆ’ಯನ್ನೇ ಮೊದಲು ತಿದ್ದಬೇಕು. ಓದಿದ ಹುಡುಗ ಕ್ರಿಯೆಯೇ ನಿಂತಿತು ಎಂದುಕೊಳ್ಳುತ್ತಾನೆ. ಕ್ರಿಯೆ ಆಗ ತನ್ನ ಗರಿಷ್ಠ ದರದ ಹತ್ತಿರ ನಡೆಯುತ್ತಿರುತ್ತದೆ, ದರ ಮುಂದಕ್ಕೆ ಏರುವುದಿಲ್ಲ, ಅಷ್ಟೇ.

‘ಸಂತೃಪ್ತ ದ್ರಾವಣ’ ಎಂದರೆ ಇನ್ನಷ್ಟು ಸಕ್ಕರೆ ಹಾಕಿದರೆ ಕರಗದೆ ತಳಕ್ಕೆ ಇಳಿಯುವಂಥದ್ದು. ಇಲ್ಲಿ ಸಬ್‌ಸ್ಟ್ರೇಟ್ ಕರಗುತ್ತಲೇ ಇರುತ್ತದೆ, ಬಿಡುವಿಲ್ಲದಿರುವುದು ಕಿಣ್ವಕ್ಕೆ. ಆದ್ದರಿಂದ ಪದವನ್ನು ಉಳಿಸಿಕೊಂಡರೂ ಮೊದಲ ಸಲ ಬಂದಲ್ಲಿ ‘ಬಿಡುವಿಲ್ಲದ ಸ್ಥಿತಿ’ ಎಂದು ಬಿಡಿಸಿ ಹೇಳಿ. ಆ ಸ್ಥಿತಿ ಥಟ್ಟನೆ ಬರುವುದೂ ಇಲ್ಲ. ವಿಜ್ಞಾನಿಗಳಾದ ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಕೊಟ್ಟ ಸಮೀಕರಣದ ಪ್ರಕಾರ, ಗರಿಷ್ಠ ದರದ ಅರ್ಧ ಕೊಡುವ ಸಬ್‌ಸ್ಟ್ರೇಟ್ ಪ್ರಮಾಣದ 9 ಪಟ್ಟು ಹಾಕಿದರೂ ಸಿಗುವುದು ಗರಿಷ್ಠ ದರದ ಶೇ. 90 ಮಾತ್ರ.

ಕಿಣ್ವದ ಪ್ರಮಾಣಕ್ಕೆ ‘ಸಂತೃಪ್ತ’ ಪದವನ್ನು ತರಲೇಬೇಡಿ. ಸಬ್‌ಸ್ಟ್ರೇಟ್ ಧಾರಾಳವಾಗಿದ್ದರೆ ಕಿಣ್ವ ಇಮ್ಮಡಿಯಾದಾಗ ದರವೂ ಇಮ್ಮಡಿ. ಎಂಜಲಿನ ಕಿಣ್ವ ಶೇ. 1ರ ಪಿಷ್ಟವನ್ನು ಒಡೆಯುವ ಪ್ರಯೋಗದಲ್ಲಿ ಇದು ಕಾಣದೇ ಹೋಗುವುದು ಎಂಜಲನ್ನು ಹಾಗೇ ಸುರಿದಾಗ: ಅಯೋಡಿನ್‌ಗೆ ಮೊದಲ ಹನಿ ಹಾಕುವಷ್ಟರಲ್ಲೇ ಪಿಷ್ಟ ಮುಗಿದಿರುತ್ತದೆ. ಒಂದು ಕೊಳವೆಗೆ 10 ಪಟ್ಟು, ಇನ್ನೊಂದಕ್ಕೆ 20 ಪಟ್ಟು ನೀರು ಬೆರೆಸಿದ ಎಂಜಲು ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 30 ಸೆಕೆಂಡಿಗೊಮ್ಮೆ ನೋಡಿದರೆ, ಪಿಷ್ಟ ಅಯೋಡಿನ್‌ಗೆ ಕೊಡುವ ನೀಲಿ ಮಾಯವಾಗಲು ಎರಡನೆಯದಕ್ಕೆ ಸುಮಾರು ಎರಡರಷ್ಟು ಹೊತ್ತು ಬೇಕು. ನಕ್ಷೆಗೆ ಹೊತ್ತನ್ನಲ್ಲ, ಒಂದನ್ನು ಹೊತ್ತಿನಿಂದ ಭಾಗಿಸಿದ್ದನ್ನು ಹಾಕಬೇಕು. ದರವೆಂದರೆ ಅದೇ.

‘ಸಾಂದ್ರತೆ’ ಭೌತಶಾಸ್ತ್ರದ ಪಾಠದಲ್ಲಿ ಗಾತ್ರಕ್ಕಿಷ್ಟು ರಾಶಿ ಎಂಬ ಅರ್ಥದಲ್ಲಿ ನೆಲೆಯಾಗಿದೆ. ‘ಸಾರರಿಕ್ತ ಆಮ್ಲ’ ಎನ್ನುವ ಮಕ್ಕಳಿಗೆ ‘ಸಾರತೆ’ ಸಲೀಸು, ನನ್ನ ಮತ ಅದಕ್ಕೇ. ‘ತಲಾಧಾರ’ ಬೇಡ. ಕಿಣ್ವ ಯಾವುದರ ಮೇಲೋ ಕೂತಂತೆ ಕೇಳಿಸುತ್ತದೆ, ನಿಜಕ್ಕೂ ಸಬ್‌ಸ್ಟ್ರೇಟೇ ಬಂದು ಕಿಣ್ವದ ಕುಳಿಯಲ್ಲಿ ಕೂರುವುದು.

ಹೀಗೆ ಬರೆಯಬಹುದೇ ನೋಡಿ: “ಸಬ್‌ಸ್ಟ್ರೇಟಿನ ಸಾರತೆ ಹೆಚ್ಚಿದಂತೆ ಕ್ರಿಯೆಯ ದರ ಮೊದಲು ಬೇಗ, ಆಮೇಲೆ ನಿಧಾನವಾಗಿ ಏರುತ್ತದೆ, ಕಿಣ್ವಕ್ಕೆ ಬಿಡುವಿಲ್ಲದಂತಾದಾಗ ಗರಿಷ್ಠ ದರವನ್ನು ಸಮೀಪಿಸುತ್ತದೆ.”