ಗಿಟಾರ್‌ನಲ್ಲಿ ಹೊಸದಾಗಿ ಏನು ಕಲಿಯಲಿ? ಕೈ ಅದೇ ನಾಲ್ಕು ಕಾರ್ಡಿಗೆ ಹೋಗುತ್ತಿದೆ

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಅಕೂಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ಸಿನಿಮಾ ಹಾಡು, ಭಾವಗೀತೆ, ಯಾವುದು ಕೇಳಿದರೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಹಾಕಿ ಹಾಡುತ್ತೇನೆ. ಆದರೆ ಈಚೆಗೆ ಯಾವ ಹೊಸ ಹಾಡು ಎತ್ತಿಕೊಂಡರೂ ಹತ್ತು ನಿಮಿಷದಲ್ಲಿ ಅದು ಹಳೆಯದರ ಹಾಗೇ ಕೇಳಿಸುತ್ತದೆ. ಜಿ, ಇ ಮೈನರ್, ಸಿ, ಡಿ. ಕೈ ತಾನಾಗೇ ಅಲ್ಲಿಗೆ ಹೋಗಿಬಿಡುತ್ತದೆ. ರಾತ್ರಿ ಕೂತು ಯೂಟ್ಯೂಬ್‌ನಲ್ಲಿ ‘ಕಲಿಯಲೇಬೇಕಾದ ಹತ್ತು ಹಾಡು’ ಥರದ ವಿಡಿಯೋ ನೋಡುತ್ತೇನೆ, ಒಂದನ್ನೂ ಕಲಿಯುವ ಮನಸ್ಸಾಗುವುದಿಲ್ಲ. ಹೋದ ತಿಂಗಳು ಗಿಟಾರನ್ನು ಬ್ಯಾಗಿನಿಂದ ಹೊರಗೇ ತೆಗೆದಿಲ್ಲ, ಅದು ನಿಜಕ್ಕೂ ಬೇಜಾರು.

ಕೇಳಿದ ತಕ್ಷಣ ಗಿಟಾರ್ ಎತ್ತಿಕೊಳ್ಳಬೇಕು ಅನ್ನಿಸುವ ಸಂಗೀತ ನಿಮಗೆ ಎಲ್ಲಿ ಸಿಗುತ್ತದೆ? ಬೆರಳು ಎಲ್ಲಿಡಬೇಕು ಅಂತ ಅಂಕಿಯಲ್ಲಿ ಬರೆದ ಟ್ಯಾಬ್ ಓದಲು ಬರುತ್ತದೆ. ಚಿಕ್ಕವನಿದ್ದಾಗ ಎರಡು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೂ ಹೋಗಿದ್ದೆ, ಗೀತೆ ಎಂಬ ಆರಂಭದ ಪಾಠದವರೆಗೆ.

ಆರನೇ ತಂತಿ

ಕೊನೆಯ ಸಾಲಿನಲ್ಲೇ ಉತ್ತರ ಇದೆಯಲ್ಲ! ಕೈ ಹಳೇ ಜಾಗಕ್ಕೆ ಹೋಗುತ್ತದೆ ಅಂದರೆ ಆ ಜಾಗವನ್ನೇ ಬದಲಾಯಿಸಿ. 6ನೇ ತಂತಿಯನ್ನು ಇ ಇಂದ ಡಿಗೆ, 2ನೆಯದನ್ನು ಬಿ ಇಂದ ಎಗೆ, 1ನೆಯದನ್ನು ಇ ಇಂದ ಡಿಗೆ ಇಳಿಸಿ. ಮೂರೂ ಎರಡೆರಡು ಫ್ರೆಟ್ (ಗಿಟಾರಿನ ಕಂಬಿ ಮನೆ) ಕೆಳಗೆ. ಸಡಿಲ ಮಾಡುವುದರಿಂದ ತಂತಿ ಕಿತ್ತುಹೋಗುವ ಭಯ ಇಲ್ಲ. ಈಗ ದಪ್ಪ ತಂತಿಯಿಂದ ಡಿ ಎ ಡಿ ಜಿ ಎ ಡಿ. ಡೇವಿ ಗ್ರಹಾಂ ಎಂಬ ಇಂಗ್ಲೆಂಡಿನ ಗಿಟಾರಿಸ್ಟ್ 1960ರ ದಶಕದಲ್ಲಿ ಈ ಟ್ಯೂನಿಂಗ್ ಬಳಕೆಗೆ ತಂದರು. ಆಮೇಲೆ ಐರಿಷ್ ಸಂಗೀತದವರು ಇದನ್ನು ತಮ್ಮದೇ ಮಾಡಿಕೊಂಡರು.

ನಮ್ಮ ಕಿವಿಗೆ ಅದು ಏನು ಹೇಳಿ: ಸ ಪ ಸ ಮ ಪ ಸ. ಮೇಲಿನ ಎರಡು ದಪ್ಪ ತಂತಿ ತಂಬೂರಿ ಆಗಿಬಿಡುತ್ತವೆ. ಹೆಬ್ಬೆರಳಿನಲ್ಲಿ ಅವನ್ನು ಮೀಟುತ್ತಾ ಮೋಹನ ರಾಗ ಹತ್ತಿ ನೋಡಿ. 4ನೇ ತಂತಿ ಖಾಲಿ ಬಿಟ್ಟರೆ ಸ, 2ನೇ ಫ್ರೆಟ್ ರಿ, 4ನೇ ಫ್ರೆಟ್ ಗ. 2ನೇ ತಂತಿ ಖಾಲಿ ಪ, ಅದರದೇ 2ನೇ ಫ್ರೆಟ್ ದ. 1ನೇ ತಂತಿ ಖಾಲಿ ಮೇಲಿನ ಸ. 3ನೇ ತಂತಿ ಮುಟ್ಟಬೇಡಿ, ಅದು ಮ, ಮೋಹನದಲ್ಲಿ ಮ ಇಲ್ಲ. ನೀವು ಕಲಿತ ‘ವರವೀಣಾ’ ಗೀತೆ ಮೋಹನದಲ್ಲೇ ಇದೆ, ಅಲ್ಲಿಂದ ಶುರು ಮಾಡಿ. ಪ ಮತ್ತು ಮೇಲಿನ ಸ ಎರಡೂ ಖಾಲಿ ತಂತಿಯಲ್ಲಿ ಸಿಗುವುದರಿಂದ ಒಂದು ಸ್ವರ ಇನ್ನೊಂದರ ಮೇಲೆ ಗುಂಯ್ ಅಂತ ಉಳಿಯುತ್ತದೆ. ಆ ಸದ್ದು ಮಾಮೂಲಿ ಟ್ಯೂನಿಂಗ್‌ನಲ್ಲಿ ಸಿಗುವುದಿಲ್ಲ.

ಮರಳು ದಾರಿ

ನಾನು ಬೇರೆ ಥರ ಹುಡುಕುತ್ತೇನೆ. ಇಷ್ಟವಾದ ಒಬ್ಬರನ್ನು ಹಿಡಿದು, ಅವರು ಯಾರ ಜೊತೆ ನುಡಿಸಿದರು ಅಂತ ನೋಡುತ್ತಾ ಹೋಗುವುದು. ವಿಶ್ವಮೋಹನ ಭಟ್ಟರ ಮೋಹನ ವೀಣೆ (ಅವರು ಮಾರ್ಪಡಿಸಿಕೊಂಡ ಗಿಟಾರ್) ಕೇಳುತ್ತಿದ್ದೆ. ಅವರು ಅಮೆರಿಕದ ಗಿಟಾರಿಸ್ಟ್ ರೈ ಕೂಡರ್ ಜೊತೆ ಮಾಡಿದ ಆಲ್ಬಮ್ 1993ರಲ್ಲಿ ಬಂತು, ಗ್ರ್ಯಾಮಿಯೂ ಸಿಕ್ಕಿತು. ಮರುವರ್ಷವೇ ಅದೇ ಕೂಡರ್ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಅಲಿ ಫರ್ಕಾ ಟೂರೆ ಜೊತೆ ನುಡಿಸಿದ್ದಾರೆ. ಟೂರೆ ರೈತರು, ಕೊನೆಗೆ ತಮ್ಮ ಊರು ನಿಯಾಫುಂಕೆಗೆ ಮೇಯರ್ ಕೂಡ ಆಗಿದ್ದರು. ಮೊದಲು ಕಲಿತದ್ದು ಒಂದೇ ತಂತಿಯ ವಾದ್ಯ. ಅವರ ಎಷ್ಟೋ ಹಾಡಿನಲ್ಲಿ ಕಾರ್ಡ್ ಬದಲಾಗುವುದೇ ಇಲ್ಲ, ಆದರೂ ಬೇಸರ ಬರಲ್ಲ. ನನ್ನ ಪ್ರಕಾರ ನಿಮ್ಮ ಸಮಸ್ಯೆ ನಾಲ್ಕು ಕಾರ್ಡ್ ಅಲ್ಲವೇ ಅಲ್ಲ. ಬಲಗೈ. ಆರು ವರ್ಷದಿಂದ ಒಂದೇ ಸ್ಟ್ರಮ್ಮಿಂಗ್ ಇರಬೇಕು, ಅಲ್ವಾ? ಟೂರೆಯವರ ಯಾವುದಾದರೂ ಹಾಡಿನ ಮೊದಲ ಹತ್ತು ಸೆಕೆಂಡ್ ಮಾತ್ರ ತೆಗೆದುಕೊಳ್ಳಿ. ವೇಗ 0.5ಕ್ಕೆ ಇಳಿಸಿ, ಟ್ಯಾಬ್ ನೋಡದೆ ಕಿವಿಯಲ್ಲೇ ಹಿಡಿಯಿರಿ. ನನಗೆ ಒಂದು ವಾರ ಹಿಡಿಯಿತು.

ನೈಲಾನ್

ಬಲಗೈ ಅಂದದ್ದು ಸರಿ. ಅದಕ್ಕೇ ನಾನು ಕ್ಯೂಬಾದ ಸಂಗೀತಗಾರ ಲಿಯೋ ಬ್ರೌವರ್ ಅಭ್ಯಾಸಕ್ಕೆಂದು ಬರೆದ 20 ಸರಳ ಎಟ್ಯೂಡ್‌ಗಳನ್ನು ಹೇಳುತ್ತೇನೆ. ಒಂದೊಂದೂ ಒಂದೆರಡು ಪುಟ ಅಷ್ಟೇ. ಮೊದಲನೆಯದರಲ್ಲಿ ಧಾಟಿ ದಪ್ಪ ತಂತಿಗಳಲ್ಲಿ ಹೋಗುತ್ತದೆ, ಹೆಬ್ಬೆರಳು ಹಾಡುತ್ತದೆ, ಉಳಿದ ಬೆರಳು ಮೆಲ್ಲಗೆ ತಾಳ ಕೊಡುತ್ತವೆ. ಸರಳ ಅಂತ ಹೆಸರಿದ್ದರೂ ಸುಮ್ನೆ ಅಭ್ಯಾಸದ ಪಾಠಗಳಲ್ಲ, ಕೇಳಲು ಪೂರ್ತಿ ಸಂಗೀತ. ಕಿವಿಯಲ್ಲಿ ಹಿಡಿಯುವುದು ಒಳ್ಳೆಯದೇ, ಆದರೆ ಕಿವಿ ತನಗೆ ಗೊತ್ತಿರುವುದನ್ನೇ ಜಾಸ್ತಿ ಹುಡುಕುತ್ತದೆ. ಬೇರೆಯವರು ಬರೆದದ್ದನ್ನು ಅವರು ಬರೆದ ಹಾಗೇ ನುಡಿಸಿದರೆ ಬೆರಳು ಹೊಸ ಕಡೆ ಹೋಗಲೇಬೇಕಾಗುತ್ತದೆ. ದಯವಿಟ್ಟು ಸ್ಟಾಫ್ ನೊಟೇಷನ್ (ಐದು ಗೆರೆಯ ಮೇಲೆ ಸ್ವರ ಬರೆಯುವ ಕ್ರಮ) ಕಲಿಯಿರಿ.

ಮನೆ ಅಂಗಳ

ಗಿಟಾರ್ ಇಲ್ಲದ ಹಾಡು ಹುಡುಕಿ. ನಮ್ಮಜ್ಜಿ ರಾಗಿ ಬೀಸುವಾಗಿನ ಪದ ಹೇಳಿಕೊಟ್ಟಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ನಾನು ಪೂರ್ತಿಯಾಗಿ ಕಲಿತದ್ದು ಅದನ್ನೇ.

ತುಂಗೆಯ ದಡ

ಎಲ್ಲರಿಗೂ ಥ್ಯಾಂಕ್ಸ್. ಆರನೇ ತಂತಿ ಅವರೇ, ನಿನ್ನೆ ರಾತ್ರಿ ಟ್ಯೂನಿಂಗ್ ಬದಲಾಯಿಸಿದೆ. ಗೀತೆಯ ಸ್ವರ ಮರೆತೇಹೋಗಿದೆ ಅಂದುಕೊಂಡಿದ್ದೆ. ಗ ಗ ಪಾ ಪಾ ಅಂತ ಬಾಯಲ್ಲಿ ಹೇಳಿಕೊಂಡೆ, ಬೆರಳು ಹುಡುಕಿಕೊಂಡು ಬಂತು. ಗ ಮೇಲೆ ಸ್ವಲ್ಪ ಎಳೆದರೆ ಎಷ್ಟು ಚೆನ್ನಾಗಿರುತ್ತದೆ! ಅಡುಗೆಮನೆಯಲ್ಲಿದ್ದ ಅಮ್ಮ ಎರಡನೇ ಸಾಲು ಹಾಡಿದರು. ಒಂದು ಪ್ರಶ್ನೆ: ಅವರ ಶ್ರುತಿ ಇದಕ್ಕಿಂತ ಮೇಲಿದೆ. 2ನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿ ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿದರೆ 1ನೇ ತಂತಿ ಸ್ವಲ್ಪ ಅಪಶ್ರುತಿ ಬರುತ್ತಿದೆ. ಕೇಪೋ ಹಾಕಿದ ಮೇಲೆ ಮತ್ತೆ ಟ್ಯೂನ್ ಮಾಡಬೇಕಾ?

ಆರನೇ ತಂತಿ

ಹೌದು, ಪ್ರತಿ ಸಲ. ಕೇಪೋವನ್ನು ಫ್ರೆಟ್ ಕಂಬಿಯ ಹತ್ತಿರಕ್ಕೆ ತನ್ನಿ, ತಂತಿ ಪಕ್ಕಕ್ಕೆ ಎಳೆಯದಂತೆ ನೋಡಿಕೊಳ್ಳಿ. ಅಮ್ಮ ಹಾಡಿದ್ದನ್ನು ರೆಕಾರ್ಡ್ ಮಾಡಿ ಹಾಕಿ, ಕೇಳಬೇಕು.